ಮನೆಯಲ್ಲೇ ಕೀಮೋ: ಅಕ್ಕನಿಗೆ ಕ್ಯಾಪ್ಸೂಲ್ ಕೊಟ್ಟ ತಿಂಗಳುಗಳು

ನನ್ನ ಅಕ್ಕನ ಕೀಮೋ ಪೂರ್ತಿ ನಡೆದದ್ದು ಮನೆಯಲ್ಲೇ. ಮೆದುಳಿನ ಗಡ್ಡೆಗೆ ಆಪರೇಷನ್ ಆಗಿ, ಬಯಾಪ್ಸಿ ವರದಿಯಲ್ಲಿ ಗ್ಲಯೋಬ್ಲಾಸ್ಟೋಮಾ (ಮೆದುಳಿನ ಒಂದು ಬಗೆಯ ಕ್ಯಾನ್ಸರ್) ಎಂದು ಬಂದ ಮೇಲೆ ಡಾಕ್ಟರು ಬರೆದುಕೊಟ್ಟದ್ದು ಟೆಮೊಜೊಲೊಮೈಡ್ ಎಂಬ ಕ್ಯಾಪ್ಸೂಲ್. ಸೂಜಿ ಇಲ್ಲ, ಡ್ರಿಪ್ ಇಲ್ಲ, ವಾರ್ಡಿನಲ್ಲಿ ಗಂಟೆಗಟ್ಟಲೆ ಕೂರುವುದಿಲ್ಲ. ನೀರಿನ ಜೊತೆ ನುಂಗಿದರಾಯಿತು. ಇದನ್ನು ಕೇಳಿ ನಮಗೆಲ್ಲ ದೊಡ್ಡ ಭಾರ ಇಳಿದಂತಾಯಿತು. ಆದರೆ ಔಷಧ ಕೊಡುವ ಮೊದಲು ಆಂಕಾಲಜಿ (ಕ್ಯಾನ್ಸರ್) ವಿಭಾಗದ ಸಿಸ್ಟರ್ ನಮ್ಮನ್ನು ಬೇರೆ ಕೋಣೆಗೆ ಕರೆದು ಕೂರಿಸಿಕೊಂಡು, ಬಹಳ ಹೊತ್ತು ಮಾತಾಡಿದರು. ಅವರು ಅಂದ ಒಂದು ಮಾತು ನನ್ನಲ್ಲಿ ಗಟ್ಟಿಯಾಗಿ ನಿಂತಿತು: "ವಾರ್ಡಿನಲ್ಲಿ ಕೀಮೋ ಕೊಡುವಾಗ ಫಾರ್ಮಸಿಸ್ಟ್ ನೋಡ್ತಾರೆ, ಇಬ್ಬರು ನರ್ಸ್‌ಗಳು ಹೆಸರು, ಡೋಸ್, ತಾರೀಖು ತಾಳೆ ನೋಡ್ತಾರೆ, ಆಮೇಲೆ ಔಷಧ ಕೊಡೋದು. ಮನೆಯಲ್ಲಿ ಅಷ್ಟೂ ಜನರ ಕೆಲಸ ನಿಮ್ಮದೇ."

ಅವತ್ತೇ ನಾನು ನಿರ್ಧರಿಸಿದೆ, ಅಷ್ಟೂ ಜನರ ಕೆಲಸವನ್ನು ನಿಜವಾಗಿಯೂ ಮಾಡಬೇಕು ಎಂದು. ಕ್ಯಾಪ್ಸೂಲ್ ನುಂಗುವುದು ಸುಲಭ. ಸರಿಯಾದ ದಿನ, ಸರಿಯಾದ ಲೆಕ್ಕದಲ್ಲಿ, ಮನೆಯ ಬೇರೆ ಯಾರಿಗೂ ತಾಗದಂತೆ ನುಂಗಿಸುವುದರಲ್ಲೇ ಕಷ್ಟವೆಲ್ಲ ಇರುವುದು.

ಮೊದಲು ಲೆಕ್ಕದ ವಿಷಯ ಹೇಳಬೇಕು, ಏಕೆಂದರೆ ನನಗೆ ಅತಿ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ಅದೇ. ಟೆಮೊಜೊಲೊಮೈಡ್ ಡೋಸ್ ಎಲ್ಲರಿಗೂ ಒಂದೇ ಅಲ್ಲ. ಎತ್ತರ, ತೂಕ ನೋಡಿ ದೇಹದ ಮೇಲ್ಮೈ ಎಷ್ಟು ಚದರ ಮೀಟರ್ ಎಂದು ಕಂಡುಹಿಡಿದು, ಅದರ ಮೇಲೆ ಮಿಲಿಗ್ರಾಂ ನಿರ್ಧರಿಸುತ್ತಾರೆ. ಅಕ್ಕನದು 1.8 ಚದರ ಮೀಟರ್ ಬಂತು. ರೇಡಿಯೇಷನ್ ನಡೆಯುವಾಗ ಚದರ ಮೀಟರಿಗೆ 75 ಮಿಲಿಗ್ರಾಂ, ಅಂದರೆ ದಿನಕ್ಕೆ 135. ಈಗ 135 ಮಿಲಿಗ್ರಾಮಿನ ಕ್ಯಾಪ್ಸೂಲ್ ಎಂದು ಯಾವುದೂ ಇಲ್ಲ. ಸಿಗುವುದು 5, 20, 100, 140, 180, 250. ಹಾಗಾಗಿ 100ರದ್ದು ಒಂದು, 20ರದ್ದು ಒಂದು, 5ರದ್ದು ಮೂರು, ಒಟ್ಟು ಐದು ಕ್ಯಾಪ್ಸೂಲ್ ಸೇರಿ ಒಂದು ಡೋಸ್. ರೇಡಿಯೇಷನ್ ಮುಗಿದು, ನಾಲ್ಕು ವಾರ ಬಿಡುವು ಕೊಟ್ಟ ಮೇಲೆ ಲೆಕ್ಕವೇ ಬದಲಾಯಿತು. ಮೊದಲ ಸೈಕಲ್‌ಗೆ (ಔಷಧದ ಒಂದು ಸುತ್ತಿಗೆ ಸೈಕಲ್ ಎನ್ನುತ್ತಾರೆ) ಚದರ ಮೀಟರಿಗೆ 150, ಅಂದರೆ 270 ಮಿಲಿಗ್ರಾಂ: 250 ಒಂದು, 20 ಒಂದು. ರಕ್ತದ ವರದಿ ಚೆನ್ನಾಗಿ ಬಂದದ್ದರಿಂದ ಎರಡನೇ ಸೈಕಲ್‌ನಿಂದ 200ಕ್ಕೆ ಏರಿಸಿದರು, 360 ಮಿಲಿಗ್ರಾಂ: 180ರದ್ದು ಎರಡು. ಗಮನಿಸಿ, ಡೋಸ್ ಏರುತ್ತ ಹೋದಂತೆ ಕ್ಯಾಪ್ಸೂಲ್‌ಗಳ ಸಂಖ್ಯೆ ಇಳಿಯಿತು. "ಅಕ್ಕ ದಿನಕ್ಕೆ ಐದು ತಗೋತಾಳೆ" ಎಂದು ಯಾರಾದರೂ ತಲೆಯಲ್ಲಿಟ್ಟುಕೊಂಡಿದ್ದರೆ, ಮುಂದಿನ ಹಂತದಲ್ಲಿ ಏನಾಗಬಹುದಿತ್ತು ಎಂದು ಊಹಿಸಲೂ ಭಯ. ಆದ್ದರಿಂದ ನಮ್ಮ ಮನೆಯಲ್ಲಿ "ಎಷ್ಟು ಮಾತ್ರೆ" ಎಂಬ ಪ್ರಶ್ನೆಯನ್ನೇ ನಿಲ್ಲಿಸಿದೆವು. ಕೇಳುವುದು ಯಾವಾಗಲೂ "ಎಷ್ಟು ಮಿಲಿಗ್ರಾಂ, ಯಾವ ಯಾವ ಕ್ಯಾಪ್ಸೂಲ್ ಸೇರಿ."

ಒಂದೊಂದು ಶಕ್ತಿಯ ಕ್ಯಾಪ್ಸೂಲ್‌ಗೂ ಒಂದೊಂದು ಬಣ್ಣದ ಗುರುತಿರುತ್ತದೆ. ಬಣ್ಣ ನೋಡಿಯೇ ಎತ್ತಿಕೊಳ್ಳಬಹುದು ಎಂದು ಅನ್ನಿಸುವುದು ಸಹಜ. ಆದರೆ ಒಂದೇ ಔಷಧವನ್ನು ಬೇರೆ ಬೇರೆ ಕಂಪನಿಗಳು ಮಾಡುತ್ತವೆ, ಒಬ್ಬರ ಬಣ್ಣ ಇನ್ನೊಬ್ಬರದಕ್ಕೆ ಹೊಂದಬೇಕೆಂದಿಲ್ಲ. ಬಣ್ಣವನ್ನು ನಂಬಬೇಡಿ, ಬಾಟಲಿಯ ಮೇಲಿನ ಅಂಕಿ ಓದಿ. ಇದು ನನ್ನ ಖಚಿತ ಅಭಿಪ್ರಾಯ.

ರೇಡಿಯೇಷನ್ ಆರು ವಾರ, ವಾರಕ್ಕೆ ಐದು ದಿನ. ಕ್ಯಾಪ್ಸೂಲ್ ಮಾತ್ರ ವಾರಕ್ಕೆ ಏಳೂ ದಿನ. ಶನಿವಾರ, ಭಾನುವಾರ ಆಸ್ಪತ್ರೆಗೆ ಹೋಗುವುದಿಲ್ಲವಾದ್ದರಿಂದ ಔಷಧಕ್ಕೂ ರಜೆ ಎಂದುಕೊಳ್ಳುವುದು ಬಹಳ ಸುಲಭ. ಸಿಸ್ಟರ್ ಈ ಮಾತನ್ನು ನಮಗೆ ಎರಡು ಸಲ ಹೇಳಿ, ಕ್ಯಾಲೆಂಡರಿನಲ್ಲಿ ಶನಿವಾರ ಭಾನುವಾರಗಳಿಗೂ ತಾವೇ ಗುರುತು ಹಾಕಿಕೊಟ್ಟರು. ರೇಡಿಯೇಷನ್ ಇದ್ದ ದಿನ ಅದಕ್ಕೆ ಸುಮಾರು ಒಂದು ಗಂಟೆ ಮುಂಚೆ ಕ್ಯಾಪ್ಸೂಲ್, ಇಲ್ಲದ ದಿನ ಬೆಳಿಗ್ಗೆ. ಈ ಹಂತದಲ್ಲಿ ನ್ಯೂಮೋಸಿಸ್ಟಿಸ್ ಎಂಬ ಶ್ವಾಸಕೋಶದ ಸೋಂಕು ಬರದಂತೆ ಬೇರೊಂದು ಮಾತ್ರೆಯನ್ನೂ ಕೊಟ್ಟರು. ಟೆಮೊಜೊಲೊಮೈಡ್ ದಿನಾಲೂ ಹೋಗುತ್ತಿದ್ದಾಗ, ಜೊತೆಗೆ ಸ್ಟೆರಾಯ್ಡ್ ಕೂಡ ಇದ್ದಾಗ, ದೇಹದ ರಕ್ಷಣೆ ಅಷ್ಟು ಕುಗ್ಗುತ್ತದಂತೆ.

ಆಮೇಲಿನ ಹಂತ ಪೂರ್ತಿ ಬೇರೆ. 28 ದಿನಗಳದ್ದು ಒಂದು ಸೈಕಲ್. ಅದರಲ್ಲಿ ಮೊದಲ ಐದು ದಿನ ಮಾತ್ರ ಔಷಧ, ಉಳಿದ 23 ದಿನ ಏನೂ ಇಲ್ಲ. ಈ 23 ದಿನ ಸುಮ್ಮನಿರುವುದು ಎಷ್ಟು ಮುಖ್ಯ ಎಂದು ನಮಗೆ ಅರ್ಥವಾದದ್ದು ಡಾಕ್ಟರು ಔಷಧದ ನಡೆಯನ್ನು ವಿವರಿಸಿದ ಮೇಲೆ. ಟೆಮೊಜೊಲೊಮೈಡ್ ಹೊಟ್ಟೆಯಿಂದ ರಕ್ತಕ್ಕೆ ಬೇಗ, ಹೆಚ್ಚುಕಡಿಮೆ ಪೂರ್ತಿಯಾಗಿ ಸೇರುತ್ತದೆ. ಅಲ್ಲಿ ಯಕೃತ್ತಿನ ಕಿಣ್ವಗಳ ಸಹಾಯವಿಲ್ಲದೆ ತಾನೇ ಒಡೆದು, ಕ್ಯಾನ್ಸರ್ ಕೋಶದ ಡಿಎನ್‌ಎಗೆ ಪೆಟ್ಟು ಕೊಡುವ ರೂಪ ತಾಳುತ್ತದೆ. ರಕ್ತದಲ್ಲಿ ಅದರ ಅರ್ಧಾಯುಷ್ಯ, ಅಂದರೆ ಅರ್ಧಕ್ಕೆ ಇಳಿಯಲು ಹಿಡಿಯುವ ಹೊತ್ತು, ಎರಡು ಗಂಟೆಗೂ ಕಡಿಮೆ, ಸುಮಾರು 1.8 ಗಂಟೆ. ಅಂದರೆ ಔಷಧ ಬಂದು ಹೋಗುವುದು ಬೇಗ. ಆದರೆ ಅದು ರಕ್ತಕಣಗಳು ಹುಟ್ಟುವ ಮೂಳೆ ಮಜ್ಜೆಗೆ ಕೊಟ್ಟ ಪೆಟ್ಟು ಕಾಣಿಸುವುದು ಮೂರನೇ, ನಾಲ್ಕನೇ ವಾರದಲ್ಲಿ. ಮೊದಲ ವಾರ ರೋಗಿ ಗೆಲುವಾಗಿದ್ದಾರೆ ಎಂದುಕೊಂಡು "ಇನ್ನೆರಡು ದಿನ ಕೊಟ್ಟರೆ ಒಳ್ಳೆಯದೇ ಅಲ್ಲವೇ" ಎಂದು ಯಾರಾದರೂ ಮುಂದುವರಿಸಿದರೆ, ಮೂರು ವಾರ ಕಳೆದು ರಕ್ತಕಣಗಳು ಕುಸಿಯುವಾಗ ಏನೂ ಮಾಡಲಾಗದು. ಖಾಲಿ ಬಿಟ್ಟ ದಿನಗಳಲ್ಲಿ ಮಜ್ಜೆ ಚೇತರಿಸಿಕೊಳ್ಳುತ್ತಿರುತ್ತದೆ. ಅವೂ ಚಿಕಿತ್ಸೆಯ ದಿನಗಳೇ.

ಹೊರರೋಗಿ ವಿಭಾಗದಲ್ಲಿ ಕಾಯುವಾಗ ಬೇರೆ ಬೇರೆ ಮನೆಯವರು ಮಾತಿಗೆ ಸಿಗುತ್ತಾರೆ. ಅವರಿಂದ ಧೈರ್ಯ ಸಿಗುತ್ತದೆ, ಆದರೆ ಔಷಧದ ನಿಯಮ ಮಾತ್ರ ಅವರಿಂದ ಎರವಲು ತರಬಾರದು. ಒಬ್ಬರು ನನಗೆ ಬಹಳ ಕಳಕಳಿಯಿಂದ "ಕೀಮೋ ಮಾತ್ರೆ ಊಟವಾಗಿ ಅರ್ಧ ಗಂಟೆಯೊಳಗೆ ಕೊಡಿ, ಬರಿಹೊಟ್ಟೆಗೆ ಬೇಡವೇ ಬೇಡ" ಎಂದರು. ಅವರ ಯಜಮಾನರಿಗೆ ಕೊಟ್ಟದ್ದು ಕೆಪೆಸಿಟಬಿನ್ ಎಂಬ ಬೇರೆ ಔಷಧ. ಅದಕ್ಕೆ ಆ ನಿಯಮ ಸರಿ. ಬೆಳಿಗ್ಗೆ ಸಂಜೆ ಎರಡು ಹೊತ್ತು, ಊಟವಾಗಿ 30 ನಿಮಿಷದೊಳಗೆ. ಟೆಮೊಜೊಲೊಮೈಡ್‌ಗೆ ನಮಗೆ ಹೇಳಿದ್ದು ತದ್ವಿರುದ್ಧ: ಖಾಲಿ ಹೊಟ್ಟೆ, ಪ್ರತಿದಿನ ಒಂದೇ ಹೊತ್ತು. ಆಹಾರದ ಜೊತೆ ಹೋದರೆ ಅದು ರಕ್ತಕ್ಕೆ ಸೇರುವ ವೇಗವೂ ಪ್ರಮಾಣವೂ ತಗ್ಗುತ್ತದೆ, ವಾಕರಿಕೆಯೂ ಖಾಲಿ ಹೊಟ್ಟೆಯಲ್ಲೇ ಕಡಿಮೆ. ಮೆದುಳಿನ ಗಡ್ಡೆಗೇ ಕೊಡುವ ಲೋಮುಸ್ಟಿನ್ ಎಂಬ ಇನ್ನೊಂದು ಕ್ಯಾಪ್ಸೂಲ್ ಇದೆ. ಅದನ್ನು ಆರು ವಾರಕ್ಕೊಮ್ಮೆ, ಒಂದೇ ಸಲ ತೆಗೆದುಕೊಳ್ಳುವುದು. ಅದನ್ನು ದಿನಾ ನುಂಗಿದರೆ ಪ್ರಾಣಕ್ಕೇ ಕುತ್ತು. ಹೊರಗಿನಿಂದ ನೋಡಿದರೆ ಮೂರೂ "ಕೀಮೋ ಮಾತ್ರೆ"ಗಳೇ. ಮನೆಗೆ ಬಂದವರಿಗೆ, ಫೋನ್ ಮಾಡಿದವರಿಗೆಲ್ಲ ನಾನು ಇದನ್ನೇ ಹೇಳುತ್ತಿದ್ದೆ: ಔಷಧದ ಹೆಸರು ತಿಳಿಯದೆ ಸಲಹೆ ಕೊಡಬೇಡಿ, ಕೇಳಲೂ ಬೇಡಿ.

ಸೈಕಲ್‌ನ ಐದು ರಾತ್ರಿಗಳು ಹೇಗೆ ನಡೆಯುತ್ತಿದ್ದವು ಎಂದು ಬಿಡಿಸಿ ಹೇಳುತ್ತೇನೆ, ಹೊಸದಾಗಿ ಶುರುಮಾಡುವವರಿಗೆ ಉಪಯೋಗವಾಗಲಿ ಎಂದು.

ರಾತ್ರಿ ಊಟ ಬೇಗ ಮುಗಿಸಿ, ಕನಿಷ್ಠ ಎರಡು ಗಂಟೆ ಬಿಟ್ಟು ಮಲಗುವ ಹೊತ್ತಿಗೆ ಡೋಸ್. ಅದಕ್ಕೆ ಅರ್ಧ ಗಂಟೆ ಮುಂಚೆ ವಾಂತಿ ಬಾರದಿರಲು ಒಂಡಾನ್ಸೆಟ್ರಾನ್ ಮಾತ್ರೆ. ಆ ಅರ್ಧ ಗಂಟೆಯಲ್ಲಿ ನಾನು ಕೋಣೆಯ ಮೂಲೆಯ ಮೇಜು ಒರೆಸಿ, ಅಂಚು ಇರುವ ತಟ್ಟೆಯೊಂದನ್ನು ಇಟ್ಟು, ಅದರ ಮೇಲೆ ಕಾಗದ ಹಾಸುತ್ತಿದ್ದೆ. ಕ್ಯಾಪ್ಸೂಲ್ ಜಾರಿದರೂ ನೆಲಕ್ಕೆ ಉರುಳಬಾರದು, ಅದಕ್ಕೆ. ಫ್ಯಾನ್ ಆರಿಸುತ್ತಿದ್ದೆ. ಕೈ ತೊಳೆದು ಒರೆಸಿ, ನೈಟ್ರೈಲ್ ಗ್ಲೌಸ್ ಹಾಕಿಕೊಂಡು ಬಾಟಲಿ ತೆರೆಯುವುದು. ಕ್ಯಾಪ್ಸೂಲನ್ನು ಬೆರಳಿನಿಂದ ಹೆಕ್ಕದೆ, ಬಾಟಲಿಯನ್ನು ಮೆಲ್ಲಗೆ ಬಾಗಿಸಿ ಮುಚ್ಚಳದೊಳಕ್ಕೆ ಒಂದನ್ನು ಬೀಳಿಸಿ, ಅಲ್ಲಿಂದ ಬಿಸಾಡುವ ಸಣ್ಣ ಕಪ್ಪಿಗೆ.

ಭಾವ ಎದುರಿಗೆ ಕಾಗದ ಹಿಡಿದು ಕೂರುತ್ತಿದ್ದರು. ನಾನು ಬಾಟಲಿಯ ಅಂಕಿಯನ್ನು ಗಟ್ಟಿಯಾಗಿ ಓದುವುದು, ಅವರು ಅದನ್ನು ಆಸ್ಪತ್ರೆಯ ಚೀಟಿಯ ಜೊತೆ ತಾಳೆ ನೋಡಿ ಕೂಡಿಸುವುದು.

"ನೂರೆಂಬತ್ತು, ಒಂದು."

"ಹ್ಞೂಂ."

"ನೂರೆಂಬತ್ತು, ಎರಡು."

"ಒಟ್ಟು ಮುನ್ನೂರ ಅರವತ್ತು. ಚೀಟಿಯಲ್ಲೂ ಮುನ್ನೂರ ಅರವತ್ತೇ ಇದೆ. ಇವತ್ತು ಮೂರನೇ ದಿನ. ಕೊಡು."

ಅಕ್ಕ ಕಪ್ಪನ್ನು ತಾನೇ ಬಾಯಿಗೆ ಬಾಗಿಸಿಕೊಂಡು, ಒಂದೊಂದನ್ನೇ ಲೋಟ ತುಂಬ ನೀರಿನ ಜೊತೆ ಇಡಿಯಾಗಿ ನುಂಗುತ್ತಿದ್ದಳು. ಅಗಿಯುವಂತಿಲ್ಲ, ಕ್ಯಾಪ್ಸೂಲ್ ಬಿಚ್ಚಿ ಪುಡಿಯನ್ನು ಯಾವುದಕ್ಕೂ ಬೆರೆಸುವಂತಿಲ್ಲ. ಗಂಟಲಿನಿಂದ ಇಳಿಯಿತು ಎಂದು ಅವಳು ತಲೆಯಾಡಿಸಿದ ಮೇಲೆಯೇ ಭಾವ ಚಾರ್ಟಿನಲ್ಲಿ ಟಿಕ್ ಹಾಕಿ, ಬಾಟಲಿಯಲ್ಲಿ ಉಳಿದದ್ದೆಷ್ಟು ಎಂದು ಬರೆಯುವುದು. ಮೊದಲೇ ಟಿಕ್ ಹಾಕಿಬಿಟ್ಟು, ಅಷ್ಟರಲ್ಲಿ ಫೋನ್ ಬಂದು ಎದ್ದು ಹೋದರೆ, ಆ ಟಿಕ್ ಸುಳ್ಳಾಗುತ್ತದೆ. ಕಪ್, ಕಾಗದ, ಗ್ಲೌಸ್ ಎಲ್ಲ ಒಂದು ಚೀಲಕ್ಕೆ. ಗ್ಲೌಸನ್ನು ಒಳಮೈ ಹೊರಗೆ ಬರುವಂತೆ ಕಳಚಿ ಹಾಕಿ, ಚೀಲಕ್ಕೆ ಗಂಟು ಕಟ್ಟಿ, ಮತ್ತೆ ಸೋಪಿನಲ್ಲಿ ಕೈ ತೊಳೆಯುವುದು. ಅಕ್ಕನೂ ಕೈ ತೊಳೆಯುತ್ತಿದ್ದಳು. ಎಲ್ಲ ಸೇರಿ ಹತ್ತು ನಿಮಿಷದ ಕೆಲಸ, ಆದರೆ ಆ ಹತ್ತು ನಿಮಿಷ ಟಿವಿ ಇಲ್ಲ, ಫೋನ್ ಇಲ್ಲ, ಬೇರೆ ಮಾತಿಲ್ಲ.

ಬಾಟಲಿಯಲ್ಲಿ ಉಳಿದದ್ದನ್ನು ಬರೆದಿಡುವ ಪದ್ಧತಿ ನಮಗೆ ಬಹಳ ನೆರವಾಯಿತು. ಗಡ್ಡೆಯಿಂದಲೋ ಚಿಕಿತ್ಸೆಯಿಂದಲೋ ಅಕ್ಕನಿಗೆ ಸ್ವಲ್ಪ ಹೊತ್ತಿನ ಹಿಂದಿನ ವಿಷಯ ಮರೆಯುತ್ತಿತ್ತು. ಒಂದು ರಾತ್ರಿ ನುಂಗಿ ಸ್ವಲ್ಪ ಹೊತ್ತಾಗಿತ್ತು, ಎದ್ದು ಬಂದು, "ನನ್ನ ಕೀಮೋ ಯಾಕೆ ಇನ್ನೂ ಕೊಟ್ಟಿಲ್ಲ?" ಎಂದು ಕೇಳಿದಳು. ಅವಳಿಗೆ ಅದು ಖಂಡಿತ ನಿಜವೆಂದೇ ಅನ್ನಿಸುತ್ತಿತ್ತು. "ಆಗಲೇ ಕೊಟ್ಟಾಯ್ತಲ್ಲ" ಎಂದು ವಾದಿಸಿದ್ದರೆ ಅವಳ ಮನಸ್ಸಿಗೆ ನೋವು. ಚಾರ್ಟ್ ತಂದು ತೋರಿಸಿದೆ, ಅವಳೇ ಓದಿದಳು, ಸಮಾಧಾನವಾಗಿ ಹೋಗಿ ಮಲಗಿದಳು. ಬೆಳಗಿನ ಹೊತ್ತು ಕೊಡುವ ಸ್ಟೆರಾಯ್ಡ್, ಫಿಟ್ಸ್ ಬಾರದಿರಲು ದಿನಕ್ಕೆರಡು ಸಲದ ಲೆವೆಟಿರಾಸಿಟಾಮ್ ಮುಂತಾದವನ್ನು ವಾರದ ಮಾತ್ರೆ ಡಬ್ಬಿಯಲ್ಲಿ ಹಾಕಿಡುತ್ತಿದ್ದೆ. ಕೀಮೋ ಕ್ಯಾಪ್ಸೂಲ್ ಮಾತ್ರ ಎಂದೂ ಆ ಡಬ್ಬಿಗೆ ಹೋಗಲಿಲ್ಲ. ಅದು ಬಂದ ಬಾಟಲಿಯಲ್ಲೇ, ಬೀಗವಿರುವ ಬೇರೆ ಕಪಾಟಿನಲ್ಲಿ, ಬಿಸಿಲು ತಾಗದ, ತೇವವಿಲ್ಲದ ಕಡೆ. ಸ್ನಾನದ ಮನೆಯ ಕಪಾಟು, ಅಡುಗೆಮನೆಯ ಶೆಲ್ಫ್ ಎರಡೂ ಬೇಡ ಎಂದಿದ್ದರು. ಕಪಾಟಿನ ಬೀಗದ ಕೈ ನನ್ನ ಹತ್ತಿರ ಒಂದು, ಭಾವನ ಹತ್ತಿರ ಒಂದು.

ಆ ತಿಂಗಳುಗಳಲ್ಲಿ ಅಕ್ಕನ ಮಗಳು ಮನೆಯಲ್ಲಿದ್ದಳು, ಬಸುರಿ, ಜೊತೆಗೆ ಇನ್ನೂ ಸ್ಕೂಲಿಗೆ ಹೋಗದ ಮಗ. ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಈ ಕ್ಯಾಪ್ಸೂಲ್ ಮುಟ್ಟಲೇಬಾರದು, ಗ್ಲೌಸ್ ಹಾಕಿಕೊಂಡರೂ ಬೇಡ. ಭ್ರೂಣಕ್ಕೆ ಹಾನಿಮಾಡುವ ಔಷಧ ಇದು. "ಅಮ್ಮನಿಗೆ ನಾನೇನೂ ಮಾಡೋ ಹಾಗೇ ಇಲ್ವಾ ಚಿಕ್ಕಮ್ಮ?" ಎಂದು ಅವಳು ಕಣ್ಣೀರು ಹಾಕಿದಳು. ನನಗೂ ಕರುಳು ಚುರ್ ಎಂದಿತು. ಫೋನ್ ಮಾಡಿ ಸಿಸ್ಟರನ್ನೇ ಕೇಳಿದೆವು. ತಾಯಿಯ ಪಕ್ಕ ಕೂರಬಹುದೇ? ಕೂರಬಹುದು. ತಬ್ಬಿಕೊಳ್ಳಬಹುದೇ? ಧಾರಾಳವಾಗಿ. ತಲೆ ಬಾಚಬಹುದು, ಕೈ ಹಿಡಿದು ನಡೆಸಬಹುದು, ಒಟ್ಟಿಗೆ ಊಟಕ್ಕೆ ಕೂರಬಹುದು. ಕ್ಯಾಪ್ಸೂಲ್, ವಾಂತಿ, ಮಲಮೂತ್ರ, ಅವು ತಾಗಿದ ಬಟ್ಟೆ, ಇಷ್ಟರಿಂದ ಮಾತ್ರ ದೂರ. ಮೊಮ್ಮಗ ಅಜ್ಜಿಯ ತೊಡೆಯೇರಿ ಕೂರುವುದಕ್ಕೂ ಯಾವ ಅಡ್ಡಿಯೂ ಇರಲಿಲ್ಲ, ಅವನಿಗೆ ನೆಗಡಿ ಜ್ವರ ಇಲ್ಲದಿದ್ದರಾಯಿತು. ಅದು ಅಜ್ಜಿಯನ್ನು ಕಾಪಾಡುವುದಕ್ಕೆ.

ಈ ವಿಷಯದಲ್ಲಿ ನನಗೆ ಹೇಳಲೇಬೇಕಾದ್ದು ಒಂದಿದೆ. ಮೊದಲ ದಿನ ನಾನು ಗ್ಲೌಸ್ ಹಾಕಿಕೊಂಡದ್ದನ್ನು ನೋಡಿ ಅಕ್ಕನ ಮುಖ ಬಾಡಿತು. "ನನ್ನನ್ನು ಮುಟ್ಟೋಕೂ ಭಯಾನಾ ನಿಂಗೆ?" ಎಂದಳು. "ಇದು ಕ್ಯಾಪ್ಸೂಲಿಗೆ ಅಕ್ಕಾ, ನಿಂಗಲ್ಲ. ನಿಂಗೆ ಈ ಔಷಧದಿಂದ ಉಪಯೋಗ ಇದೆ, ನಂಗಿಲ್ಲ. ನಂಗೆ ಬರೀ ಅದರ ಕೆಟ್ಟದ್ದು ಅಷ್ಟೇ ಸಿಗೋದು. ಅದಕ್ಕೆ ಗ್ಲೌಸ್" ಎಂದೆ. ಡೋಸ್ ಆದ ಮೇಲೆ ಗ್ಲೌಸ್ ಕಳಚಿ, ಕೈ ತೊಳೆದು ಬಂದು, ಬರಿಗೈಯಲ್ಲಿ ಅವಳ ಕಾಲು ಒತ್ತಿದೆ. ಕೀಮೋ ತೆಗೆದುಕೊಳ್ಳುವವರನ್ನು ಬೇರೆ ಕೋಣೆಗೆ ತಳ್ಳಿ, ತಟ್ಟೆ ಲೋಟ ಬೇರೆ ಮಾಡಿ, ಮಕ್ಕಳನ್ನು ಹತ್ತಿರ ಬಿಡದ ಮನೆಗಳೂ ಇವೆ. ಅದಕ್ಕೆ ಯಾವ ವೈದ್ಯಕೀಯ ಕಾರಣವೂ ಇಲ್ಲ. ತಟ್ಟೆ ಲೋಟವನ್ನು ಎಂದಿನಂತೆ ಸೋಪು ಹಾಕಿ ತೊಳೆದರೆ ಸಾಕು. ಎಚ್ಚರ ಬೇಕಾದದ್ದು ಔಷಧದ ಬಗ್ಗೆ, ಮನುಷ್ಯರ ಬಗ್ಗೆ ಅಲ್ಲ.

ಮಲಮೂತ್ರದ ವಿಷಯದಲ್ಲಿ ನಮಗೆ ಹೇಳಿದ ಅವಧಿ, ಔಷಧ ಇರುವ ದಿನಗಳು ಮತ್ತು ಕೊನೆಯ ಡೋಸ್ ಆದ ನಂತರದ 48 ಗಂಟೆ. ಕೆಲವು ಆಸ್ಪತ್ರೆಗಳಲ್ಲಿ 72 ಗಂಟೆ ಎನ್ನುತ್ತಾರೆ. ನಿಮ್ಮ ಆಸ್ಪತ್ರೆಯವರು ಹೇಳಿದ್ದನ್ನು ಪಾಲಿಸಿ. ಟಾಯ್ಲೆಟ್‌ಗೆ ಮುಚ್ಚಳವಿದ್ದರೆ ಮುಚ್ಚಿ ಎರಡು ಸಲ ಫ್ಲಷ್ ಮಾಡುವುದು, ಆಮೇಲೆ ಚೆನ್ನಾಗಿ ಕೈ ತೊಳೆಯುವುದು. ಕೊಳೆಯಾದ ಬಟ್ಟೆ ಹಾಸಿಗೆಗಳನ್ನು ಗ್ಲೌಸ್ ಹಾಕಿ ಎತ್ತಿ, ಮನೆಯ ಬೇರೆ ಬಟ್ಟೆಗಳ ಜೊತೆ ಸೇರಿಸದೆ ಎರಡು ಸಲ ಒಗೆಯುವುದು. ಬೆವರು ತಾಗಿದ ಮಾಮೂಲಿ ಬಟ್ಟೆಗೆಲ್ಲ ಇಷ್ಟು ಮಾಡುತ್ತಿರಲಿಲ್ಲ. ಇನ್ನೂ ಮಕ್ಕಳಾಗುವ ವಯಸ್ಸಿನವರಾದರೆ, ಗಂಡಾಗಲಿ ಹೆಣ್ಣಾಗಲಿ, ಗರ್ಭನಿರೋಧಕದ ಬಗ್ಗೆ, ಚಿಕಿತ್ಸೆ ಮುಗಿದ ಎಷ್ಟು ತಿಂಗಳವರೆಗೆ ಅದು ಬೇಕು ಎಂಬುದರ ಬಗ್ಗೆ, ಮುಂದೆ ಮಕ್ಕಳು ಬೇಕಿದ್ದರೆ ಏನು ದಾರಿ ಎಂಬುದರ ಬಗ್ಗೆ ಮೊದಲ ಕ್ಯಾಪ್ಸೂಲ್ ನುಂಗುವ ಮುಂಚೆಯೇ ಕೇಳಬೇಕು. ಸಂಕೋಚದಿಂದ ಎಷ್ಟೋ ಜನ ಇದನ್ನು ಬಾಯಿಬಿಟ್ಟು ಕೇಳುವುದಿಲ್ಲ. ದಯವಿಟ್ಟು ಕೇಳಿ.

ವಾಂತಿಯಾದ ರಾತ್ರಿಯೊಂದು ಚೆನ್ನಾಗಿ ನೆನಪಿದೆ. ಅದು ಡೋಸ್ ಏರಿಸಿದ ಸೈಕಲ್. ನುಂಗಿ ಅರ್ಧ ಗಂಟೆಯೂ ಆಗಿರಲಿಲ್ಲ, ಅಕ್ಕ ಎದ್ದು ಕೂತು ಎಲ್ಲವನ್ನೂ ಕಾರಿಕೊಂಡಳು. ಭಾವನಿಗೆ ಎದೆ ಒಡೆದಂತಾಯಿತು. "ಔಷಧವೆಲ್ಲ ಹೊರಗೆ ಹೋಯ್ತಲ್ಲ, ಇನ್ನೊಂದು ಸಲ ಕೊಟ್ಟುಬಿಡೋಣವಾ?" ಎಂದರು. ಆಸ್ಪತ್ರೆಯ ರಾತ್ರಿ ಪಾಳಿಯ ನಂಬರು ಕಪಾಟಿನ ಬಾಗಿಲ ಒಳಮೈಗೆ ಅಂಟಿಸಿಟ್ಟಿದ್ದೆವು. ಫೋನ್ ಮಾಡಿದಾಗ ಸಿಸ್ಟರ್ ಸ್ಪಷ್ಟವಾಗಿ ಹೇಳಿದರು: "ಕೊಡಬೇಡಿ. ಈ ರಾತ್ರಿ ಇನ್ನು ಕೀಮೋ ಇಲ್ಲ. ನಾಳೆಯದು ನಾಳೆ, ಅದರ ಹೊತ್ತಿಗೆ." ಅಷ್ಟು ಹೊತ್ತಿಗೆ ಔಷಧ ಎಷ್ಟು ರಕ್ತಕ್ಕೆ ಸೇರಿದೆ ಎಂದು ಯಾರಿಗೂ ಹೇಳಲಾಗದು, ಮತ್ತೆ ಕೊಟ್ಟರೆ ಒಂದೇ ರಾತ್ರಿ ಎರಡು ಡೋಸ್ ಆಗಿಬಿಡಬಹುದು. ಡೋಸ್ ಮರೆತುಹೋದರೂ ಅಷ್ಟೇ, ಮರುದಿನ ಎರಡನ್ನು ಸೇರಿಸಿ ಕೊಡುವಂತಿಲ್ಲ. ಗ್ಲೌಸ್ ಹಾಕಿ ಎಲ್ಲ ಒರೆಸಿ, ಬಟ್ಟೆ ಬದಲಿಸಿ, ಅಕ್ಕನನ್ನು ಮಲಗಿಸಿದೆವು. ಮರುದಿನ ಡಾಕ್ಟರು ವಾಂತಿಯ ಔಷಧ ಬದಲಿಸಿಕೊಟ್ಟರು, ಮತ್ತೆ ಹಾಗಾಗಲಿಲ್ಲ.

ಇನ್ನೊಂದು ಸಲ, ಹೊಸ ಬಾಟಲಿಯಿಂದ ಮುಚ್ಚಳಕ್ಕೆ ಬಿದ್ದ ಕ್ಯಾಪ್ಸೂಲಿನ ಮೈಯಲ್ಲಿ ಕೂದಲೆಳೆಯಷ್ಟು ಸೀಳು ಕಂಡಿತು. ಮುಚ್ಚಳದ ತಳದಲ್ಲಿ ಪುಡಿಯ ತೆಳು ಪದರ. ಅಲುಗಾಡದೆ ಅಲ್ಲೇ ನಿಲ್ಲಿಸಿದೆ. ಊದಲಿಲ್ಲ, ಒಣ ಬಟ್ಟೆಯಿಂದ ಕೊಡವಲಿಲ್ಲ, ಏಕೆಂದರೆ ಆ ಪುಡಿ ಉಸಿರಿನೊಳಗೆ ಹೋಗಬಾರದು, ಚರ್ಮಕ್ಕೆ, ಕಣ್ಣಿಗೆ, ಬಾಯಿಗೆ ತಾಗಬಾರದು. ಭಾವ ಅಕ್ಕನನ್ನು ಆಚೆ ಕೋಣೆಗೆ ಕರೆದೊಯ್ದರು. ಮಾಸ್ಕ್ ಹಾಕಿಕೊಂಡು, ಇನ್ನೊಂದು ಜೊತೆ ಗ್ಲೌಸ್ ಮೇಲಿಂದ ತೊಟ್ಟು, ಒದ್ದೆ ಟಿಶ್ಯೂವಿನಿಂದ ಚೆಲ್ಲಿದ್ದನ್ನೆಲ್ಲ ಒರೆಸಿ ಎರಡು ಪದರದ ಚೀಲಕ್ಕೆ ಹಾಕಿ, ತಟ್ಟೆಯನ್ನು ಸೋಪುನೀರಿನಿಂದ ಮತ್ತೆ ಮತ್ತೆ ತೊಳೆದೆ. ಸೀಳಿದ್ದ ಕ್ಯಾಪ್ಸೂಲನ್ನು ಬಾಟಲಿ ಸಮೇತ ಚೀಲದಲ್ಲಿಟ್ಟು ಗುರುತು ಬರೆದೆ. ಫಾರ್ಮಸಿಯವರಿಗೆ ಫೋನ್ ಮಾಡಿದಾಗ ಆ ಬಾಟಲಿಯಿಂದ ಏನನ್ನೂ ಕೊಡಬೇಡಿ, ಪೂರ್ತಿ ಬಾಟಲಿ ತನ್ನಿ, ಬೇರೆ ಕೊಡುತ್ತೇವೆ ಎಂದರು. ಆ ಸೈಕಲ್ ಒಂದು ದಿನ ತಡವಾಗಿ ಶುರುಮಾಡಲು ಡಾಕ್ಟರೇ ಒಪ್ಪಿಗೆ ಕೊಟ್ಟರು.

ಮೈಗೆ ಆದ ತೊಂದರೆಗಳಲ್ಲಿ ಅಕ್ಕನನ್ನು ಹೆಚ್ಚು ಕಾಡಿದ್ದು ಸುಸ್ತು ಮತ್ತು ಮಲಬದ್ಧತೆ. ಟೆಮೊಜೊಲೊಮೈಡ್‌ನಿಂದಲೂ ಮಲ ಕಟ್ಟುತ್ತದೆ, ವಾಂತಿ ತಡೆಯುವ ಮಾತ್ರೆಯಿಂದಲೂ ಕಟ್ಟುತ್ತದೆ. ಮೊದಲ ದಿನದಿಂದಲೇ ಡಾಕ್ಟರು ಅದಕ್ಕೊಂದು ಔಷಧ ಬರೆದುಕೊಟ್ಟದ್ದು ಒಳ್ಳೆಯದಾಯಿತು. ರಕ್ತಕಣ ಇಳಿದಿರುವಾಗ ಎನಿಮಾದಂಥದ್ದನ್ನು ಕೇಳದೆ ಕೊಡಬಾರದು, ಒಳಗೆ ಸಣ್ಣ ಗಾಯವಾದರೂ ಸೋಂಕು, ರಕ್ತಸ್ರಾವ ಆಗಬಹುದು. ಸುಸ್ತಿಗೆ ಮದ್ದಿರಲಿಲ್ಲ. ಔಷಧದ ವಾರ ಮುಗಿದ ಮೇಲೂ ಅದು ಒಂದಿಷ್ಟು ದಿನ ಉಳಿಯುತ್ತಿತ್ತು.

ಭಯಪಡಬೇಕಾದದ್ದು ಜ್ವರಕ್ಕೆ. ಥರ್ಮಾಮೀಟರಿನಲ್ಲಿ 100.4 ಫ್ಯಾರನ್‌ಹೀಟ್, ಅಂದರೆ 38 ಸೆಲ್ಸಿಯಸ್ ದಾಟಿದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಫೋನ್ ಮಾಡಬೇಕು. ಅಳೆಯುವ ಮುಂಚೆ ಪ್ಯಾರಾಸಿಟಮಾಲ್ ಕೊಟ್ಟುಬಿಟ್ಟರೆ ಜ್ವರ ಮುಚ್ಚಿಹೋಗಿ, ಒಳಗಿನ ಸೋಂಕು ಹಾಗೇ ಬೆಳೆಯುತ್ತದೆ. ಅಕ್ಕನಿಗೆ ಸ್ಟೆರಾಯ್ಡ್ ಇದ್ದದ್ದರಿಂದ ಜ್ವರ ಕಾಣಿಸದೆಯೂ ಸೋಂಕು ಇರಬಹುದು ಎಂದಿದ್ದರು. ಹಾಗಾಗಿ ಚಳಿ ನಡುಕ, ಇದ್ದಕ್ಕಿದ್ದಂತೆ ಮಂಕಾಗುವುದು, ಉಸಿರು ಕಟ್ಟುವುದು, ಇವನ್ನೂ ಜ್ವರದಷ್ಟೇ ಗಂಭೀರವಾಗಿ ನೋಡುತ್ತಿದ್ದೆವು. ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ, ಕಾರಣವಿಲ್ಲದ ನೀಲಿ ಕಲೆ, ಕಾಲಿನ ಮೇಲೆ ಸಣ್ಣ ಸಣ್ಣ ಕೆಂಪು ಚುಕ್ಕೆ ಕಂಡರೆ ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್ ಇಳಿದಿರಬಹುದು ಎಂದರ್ಥ.

ಒಂದು ಸೈಕಲ್‌ನಲ್ಲಿ ಅದೇ ಆಯಿತು. ಸೈಕಲ್‌ನ 22ನೇ ದಿನ ರಕ್ತ ಪರೀಕ್ಷೆ ಇರುತ್ತದೆ, ಮುಂದಿನ ಸೈಕಲ್ ಶುರುವಾಗುವ ಮುಂಚೆ ಮತ್ತೊಮ್ಮೆ. ಮುಂದಿನ ಡೋಸ್ ಕೊಡಬೇಕಾದರೆ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ ಮೈಕ್ರೋಲೀಟರಿಗೆ 1,500 ದಾಟಿರಬೇಕು, ಪ್ಲೇಟ್‌ಲೆಟ್ 1,00,000 ದಾಟಿರಬೇಕು. ಅಕ್ಕನ ಪ್ಲೇಟ್‌ಲೆಟ್ ಒಂದು ಲಕ್ಷಕ್ಕಿಂತ ಕೆಳಗಿತ್ತು. ಕ್ಯಾಪ್ಸೂಲ್ ಕಪಾಟಿನಲ್ಲಿದೆ, ಕ್ಯಾಲೆಂಡರಿನಲ್ಲಿ ಗುರುತಿದೆ, ಆದರೂ ಕೊಡುವಂತಿಲ್ಲ. ಭಾವ ಡಾಕ್ಟರ ಮುಂದೆ ತಮ್ಮ ಸಂಕಟ ತೋಡಿಕೊಂಡರು, "ಒಂದೊಂದು ದಿನ ತಡವಾದರೂ ಗಡ್ಡೆ ಬೆಳೆಯುತ್ತೇನೋ ಅಂತ ಭಯವಾಗುತ್ತೆ ಡಾಕ್ಟ್ರೇ." ಅವರ ಭಯಕ್ಕೆ ಅರ್ಥವಿತ್ತು. ರೇಡಿಯೇಷನ್ ಜೊತೆ ಈ ಕ್ಯಾಪ್ಸೂಲ್ ಸೇರಿಸಿದಾಗ ಎರಡು ವರ್ಷ ಬದುಕಿರುವವರ ಪ್ರಮಾಣ ಶೇ. 10.4ರಿಂದ ಶೇ. 26.5ಕ್ಕೆ ಏರಿತು ಎಂದು ರೋಜರ್ ಸ್ಟುಪ್ ಮತ್ತು ಜೊತೆಗಾರರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿದೆ. ಅಂಥ ಕಾಯಿಲೆಯಲ್ಲಿ ಒಂದೊಂದು ಡೋಸ್‌ಗೂ ಮನೆಯವರ ಜೀವ ತೂಗುತ್ತಿರುತ್ತದೆ. ಡಾಕ್ಟರು ತಾಳ್ಮೆಯಿಂದ ಹೇಳಿದರು, "ಪ್ಲೇಟ್‌ಲೆಟ್ ಏರುವ ಮೊದಲು ಕೊಟ್ಟರೆ ಮುಂದಿನ ಕುಸಿತ ಇನ್ನೂ ಆಳಕ್ಕೆ ಹೋಗುತ್ತದೆ. ಆಮೇಲೆ ಒಂದು ವಾರವಲ್ಲ, ಚಿಕಿತ್ಸೆಯನ್ನೇ ನಿಲ್ಲಿಸಬೇಕಾಗಬಹುದು. ಈಗ ಕಾಯೋಣ." ವಾರ ಬಿಟ್ಟು ಮತ್ತೆ ರಕ್ತ ಕೊಟ್ಟಾಗ ಸಂಖ್ಯೆ ಮೇಲೆ ಬಂದಿತ್ತು. ಆ ವಾರವಿಡೀ ಮೃದುವಾದ ಬ್ರಷ್ಷಿನಿಂದ ಹಲ್ಲುಜ್ಜಿಸಿ, ಅಕ್ಕ ಎಡವಿ ಬೀಳದಂತೆ ನಡೆಯುವ ದಾರಿಯಿಂದ ಕಾಲೊರಸು, ಸ್ಟೂಲು ಎಲ್ಲ ತೆಗೆದಿಟ್ಟಿದ್ದೆವು.

ಆರು ಸೈಕಲ್ ಮುಗಿದಾಗ, ಡೋಸ್ ಬದಲಾದಾಗ ಉಳಿದಿದ್ದ 20ರ, 5ರ ಕೆಲವು ಕ್ಯಾಪ್ಸೂಲ್‌ಗಳು ಕಪಾಟಿನಲ್ಲಿದ್ದವು. ಇವನ್ನು ಕಸದ ಬುಟ್ಟಿಗೆ ಹಾಕುವಂತಿಲ್ಲ, ಟಾಯ್ಲೆಟ್‌ಗೆ ಸುರಿಯುವಂತಿಲ್ಲ, "ಇನ್ನೊಬ್ಬ ರೋಗಿಗೆ ಉಪಯೋಗವಾಗಲಿ" ಎಂದು ಒಳ್ಳೆಯ ಮನಸ್ಸಿನಿಂದ ದಾನ ಮಾಡುವಂತೆಯೂ ಇಲ್ಲ. ಬಾಟಲಿಗಳನ್ನೂ ಚಾರ್ಟನ್ನೂ ತೆಗೆದುಕೊಂಡು ಆಸ್ಪತ್ರೆಯ ಫಾರ್ಮಸಿಗೆ ಹೋದೆ. ಫಾರ್ಮಸಿಸ್ಟ್ ಗ್ಲೌಸ್ ಹಾಕಿಕೊಂಡು, ತಟ್ಟೆಯ ಮೇಲೆ ಒಂದೊಂದಾಗಿ ಎಣಿಸಿ, ನಮ್ಮ ಚಾರ್ಟಿನ ಕೊನೆಯ ಸಾಲಿನ ಜೊತೆ ತಾಳೆ ನೋಡಿದರು. ಲೆಕ್ಕ ಸರಿಯಿತ್ತು. ವಾಪಸು ಪಡೆದದ್ದಕ್ಕೆ ರಸೀದಿ ಬರೆದುಕೊಟ್ಟು, ಕೊನೆಯ ಡೋಸ್‌ನ ಪರಿಣಾಮ ಇನ್ನೂ ರಕ್ತದಲ್ಲಿ ಕಾಣಿಸಬೇಕಿರುವುದರಿಂದ 22ನೇ ದಿನದ ರಕ್ತ ಪರೀಕ್ಷೆ ತಪ್ಪಿಸಬೇಡಿ, ಅದಾದ ಮೇಲೆ ಎಂಆರ್‌ಐ ತಾರೀಖು ತೆಗೆದುಕೊಳ್ಳಿ ಎಂದರು. ಎರಡನ್ನೂ ಅಲ್ಲೇ ನಿಂತು ಬರೆದುಕೊಂಡೆ.